ಚೊಂಬು, ಬಕೆಟ್ ಮತ್ತು ಮ್ಯಾಡಿಸನ್ ನದಿ

ಗಾಡಿಯೊಳಗೆ ಕಾಲಿಟ್ಟ ಕೂಡಲೇ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಇದೇನು, ಒಲೆಗೂ ಕಕ್ಕಸಿಗೂ ಮೂರೇ ಹೆಜ್ಜೆ?”

ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಡಿಗೆಗೆ ಹಿಡಿದ 25 ಅಡಿಯ ಆರ್‌ವಿ, ಅಂದರೆ ಗಾಲಿಯ ಮೇಲಿನ ಮನೆ, ಅದು. ಚಾಲಕನ ತಲೆಯ ಮೇಲೊಂದು ಅಟ್ಟ, ಹಿಂದೆ ಮಂಚ, ನಡುವೆ ಅಡುಗೆಮನೆ, ಅದರ ಮಗ್ಗುಲಲ್ಲೇ ಅತ್ತೆ ಹೇಳಿದ ಕೋಣೆ. ತೀರ್ಥಹಳ್ಳಿಯ ಮನೆಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುತ್ತಿದ್ದವರಿಗೆ ಇದನ್ನು ಮನೆ ಎಂದು ಒಪ್ಪಿಸುವುದು ಸುಲಭವಾಗಿರಲಿಲ್ಲ. ಆದರೆ ಆರ್‌ವಿ ಹಿಡಿದದ್ದೂ ಅವರಿಗಾಗಿಯೇ. ವಯಸ್ಸು 72, ಮಂಡಿನೋವು, ಸ್ನಾನವಾಗದೆ ಕಾಫಿ ಮುಟ್ಟುವುದಿಲ್ಲವೆಂಬ ವ್ರತ. ಟೆಂಟಿನ ಮಾತೇ ಇರಲಿಲ್ಲ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ವಿಮಾನದ ಟಿಕೆಟ್ ಆಮೇಲೆ ನೋಡಿಕೊಳ್ಳಬಹುದು. ರಾತ್ರಿ ಬಿಡಾರ ಎಲ್ಲಿ ಎಂಬುದು ಮೊದಲು ತೀರ್ಮಾನವಾಗಬೇಕು. 1872ರಲ್ಲಿ ಶುರುವಾದ ಈ ಉದ್ಯಾನದ ವಿಸ್ತಾರ ಸುಮಾರು 9,000 ಚದರ ಕಿಲೋಮೀಟರ್. ಒಳಗಿನ ಮುಖ್ಯ ರಸ್ತೆ ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತಿಕೊಂಡು 142 ಮೈಲಿ ಹೋಗುತ್ತದೆ. ವೇಗದ ಮಿತಿ ಗಂಟೆಗೆ 45 ಮೈಲಿ, ಅದೂ ಬೈಸನ್‌ಗಳು ದಾರಿ ಬಿಟ್ಟರೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ; ಎಲ್ಲರಿಗೂ ಬೇಕಾದದ್ದು ಬೇಸಿಗೆಯ ಅವೇ ನಾಲ್ಕು ತಿಂಗಳು. ಉದ್ಯಾನದೊಳಗಿರುವ ಶಿಬಿರತಾಣಗಳು 12. ರಥೋತ್ಸವದ ದಿನ ಛತ್ರದಲ್ಲಿ ಕೋಣೆ ಹುಡುಕಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಆರ್‌ವಿಯವರು ದಿನಕ್ಕೆ ಹತ್ತು ಸಲ ಆಡುವ ಮಾತು ‘ಹುಕಪ್’. ಗಾಡಿ ನಿಲ್ಲಿಸಿದ ಜಾಗದಲ್ಲೇ ವಿದ್ಯುತ್ತಿಗೆ ಪ್ಲಗ್, ನೀರಿಗೆ ನಲ್ಲಿ, ಕೊಳಚೆಗೆ ಕೊಳವೆ ಮೂರೂ ಸಿಕ್ಕಿದರೆ ಅದು ಪೂರ್ಣ ಹುಕಪ್. ಉದ್ಯಾನದೊಳಗೆ ಈ ಭಾಗ್ಯ ಇರುವುದು ಒಂದೇ ಕಡೆ, ಸರೋವರದ ದಡದ ಬಳಿಯ ಫಿಶಿಂಗ್ ಬ್ರಿಡ್ಜ್‌ನಲ್ಲಿ. ಅದು ಗ್ರಿಜ್ಲಿ ಕರಡಿಗಳು ಓಡಾಡುವ ಸೀಮೆ. ಆದ್ದರಿಂದ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಟೆಂಟ್ ಇರಲಿ, ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಟ್ರೇಲರನ್ನೂ ಬಿಡುವುದಿಲ್ಲ. (ಹೆಸರು ಫಿಶಿಂಗ್ ಬ್ರಿಡ್ಜ್ ಆದರೂ ಆ ಸೇತುವೆಯ ಮೇಲೆ ನಿಂತು ಮೀನು ಹಿಡಿಯುವುದನ್ನು 1973ರಲ್ಲೇ ನಿಷೇಧಿಸಿದ್ದಾರೆ.) ನಾವು ಮಾರ್ಚ್‌ನಲ್ಲಿ ವಿಚಾರಿಸುವಾಗ ಸೆಪ್ಟೆಂಬರಿಗೆ ಅಲ್ಲಿ ಒಂದು ಜಾಗವೂ ಉಳಿದಿರಲಿಲ್ಲ. ಒಂದು ವರ್ಷ ಮೊದಲೇ ಕಾದಿರಿಸುವ ಜನ ಇವರು. ನಾವೋ, ಹಬ್ಬದ ಹಿಂದಿನ ದಿನ ಬಸ್ ಹುಡುಕುವವರು.

ಮನೆಯಲ್ಲಿ ಎರಡು ಪಕ್ಷಗಳಾದವು. ಇವರು, ಅಂದರೆ ನನ್ನ ಗಂಡ, ಪಶ್ಚಿಮ ದ್ವಾರದ ಹೊರಗಿನ ವೆಸ್ಟ್ ಯೆಲ್ಲೋಸ್ಟೋನ್ ಊರಿನ ಪರ: ಖಾಸಗಿ ಪಾರ್ಕ್, ಪೂರ್ಣ ಹುಕಪ್, ಪಕ್ಕದಲ್ಲೇ ಅಂಗಡಿ, ಮೊಬೈಲ್ ಸಿಗ್ನಲ್, ಅಮ್ಮನಿಗೆ ಬಿಸಿನೀರು. ನಾನು ಉದ್ಯಾನದೊಳಗಿನ ಮ್ಯಾಡಿಸನ್ ಶಿಬಿರತಾಣದ ಪರ. ಅದು ದ್ವಾರದಿಂದ 14 ಮೈಲಿ ಒಳಗೆ, ಫೈರ್‌ಹೋಲ್ ಮತ್ತು ಗಿಬ್ಬನ್ ಹೊಳೆಗಳು ಕೂಡಿ ಮ್ಯಾಡಿಸನ್ ನದಿಯಾಗುವ ಜಾಗದ ಹತ್ತಿರ. ಓಲ್ಡ್ ಫೇತ್‌ಫುಲ್ ಎಂಬ ಚಿಮ್ಮುವ ಬಿಸಿನೀರಿನ ಬುಗ್ಗೆ ಅಲ್ಲಿಂದ 16 ಮೈಲಿ. ಶೌಚಾಲಯವಿದೆ, ಸ್ನಾನದ ಮನೆಯಿಲ್ಲ, ಕರೆಂಟಿಲ್ಲ, ಜನರೇಟರನ್ನು ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಓಡಿಸಬಹುದು. ಮೇ ತಿಂಗಳಲ್ಲಿ ಯಾರೋ ಪುಣ್ಯಾತ್ಮರು ರದ್ದು ಮಾಡಿದ ಮೂರು ರಾತ್ರಿಗಳು ನನ್ನ ಕೈಗೆ ಸಿಕ್ಕವು. ರಾಜಿಯಾಯಿತು: ಮೊದಲೆರಡು ರಾತ್ರಿ ಊರು, ಆಮೇಲೆ ಮೂರು ಕಾಡು, ಕೊನೆಯದು ಮತ್ತೆ ಊರು.

ಐಡಹೊದ ಆಲೂಗಡ್ಡೆ ಹೊಲಗಳನ್ನು ದಾಟಿ ಊರಿನ ಪಾರ್ಕ್ ತಲುಪಿದಾಗ ಸಂಜೆ. ಗಾಡಿಗಳನ್ನು ಪುಸ್ತಕದ ಕಪಾಟಿನಂತೆ ಜೋಡಿಸಿದ್ದರು. ನಮ್ಮ ಕಿಟಕಿ ತೆರೆದರೆ ಪಕ್ಕದವರ ಟಿವಿ. ಅವರು ಯಾವ ಕಾರ್ಯಕ್ರಮ ನೋಡುತ್ತಿದ್ದಾರೆಂಬುದು ಅತ್ತೆಗೂ ತಿಳಿಯಿತು. ರಾತ್ರಿಯಿಡೀ ಕಂಬದ ದೀಪ. ನಿಜವಾದ ಕಷ್ಟ ಬೆಳಗಾದ ಮೇಲೆ. ಆರ್‌ವಿಯಲ್ಲಿ ಹೋದರೆ ಮನೆಯೇ ಜೊತೆಗೆ ಬರುತ್ತದೆ ಎನ್ನುತ್ತಾರೆ. ದಿನಾ ಬೆಳಗ್ಗೆ ಆ ಮನೆಯನ್ನು ಗಂಟು ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಪ್ಲಗ್ ಕೀಳಬೇಕು, ನೀರಿನ ಪೈಪ್ ಸುತ್ತಬೇಕು, ಕಪಾಟುಗಳ ಚಿಲಕ ನೋಡಬೇಕು, ಡಿಕಾಕ್ಷನ್ ಫಿಲ್ಟರನ್ನು ಸಿಂಕಿನೊಳಗೆ ಮಲಗಿಸಬೇಕು. ಇಷ್ಟಾಗಿ ಹೊರಟರೆ ದ್ವಾರದಲ್ಲಿ ಸಾಲು. ದ್ವಾರ ದಾಟಿದ ಮೇಲೆ ಬೈಸನ್. ಎಂಟುನೂರು ಒಂಬೈನೂರು ಕಿಲೋ ತೂಗುವ ಒಂದು ಹೋರಿ ಹಳದಿ ಗೆರೆಯ ಮೇಲೆಯೇ ನಡೆದುಕೊಂಡು ಹೋಗುತ್ತಿತ್ತು; ಅದರ ಹಿಂದೆ ನಾವು ನೂರಾರು ಗಾಡಿಯವರು ಮೆರವಣಿಗೆ. 14 ಮೈಲಿಗೆ ಎರಡು ಗಂಟೆ. ಗ್ರ್ಯಾಂಡ್ ಪ್ರಿಸ್ಮಾಟಿಕ್ ಎಂಬ ಬಣ್ಣಬಣ್ಣದ ಬಿಸಿನೀರಿನ ಬುಗ್ಗೆಯ ಬಳಿ ಹೋಗುವಷ್ಟರಲ್ಲಿ ನಿಲುಗಡೆ ಜಾಗ ತುಂಬಿ, ಕಾರುಗಳಿಗೇ ಎಡೆಯಿಲ್ಲದ ಕಡೆ ನಮ್ಮ ಬಸ್ಸಿನಂಥ ಗಾಡಿಯನ್ನು ಯಾರು ಸೇರಿಸುತ್ತಾರೆ? ಮುಂದೆ ಸಾಗಿದೆವು. ಸಂಜೆ ಬಿಸಿನೀರೇನೋ ಧಾರಾಳವಾಗಿತ್ತು. ಇವರು ಷವರಿನಲ್ಲಿ ಹಾಡಿಕೊಂಡರು, ನಾನು ಮಾತಾಡಲಿಲ್ಲ.

ಮ್ಯಾಡಿಸನ್‌ಗೆ ಹೋಗುವ ಮೊದಲು ತೊಟ್ಟಿಗಳನ್ನು ಖಾಲಿ ಮಾಡಬೇಕಿತ್ತು. ಗಾಡಿಯ ಹೊಟ್ಟೆಯಲ್ಲಿ ಕೊಳಚೆಗೆ ಎರಡು ತೊಟ್ಟಿಗಳಿರುತ್ತವೆ, ಶೌಚಾಲಯದ್ದು ಕಪ್ಪು, ಸಿಂಕು ಬಚ್ಚಲುಗಳದ್ದು ಬೂದು. ಮೊದಲು ಕಪ್ಪಿನ ಕವಾಟ ಎಳೆಯಬೇಕು, ಆಮೇಲೆ ಬೂದಿನದು. ಸೋಪಿನ ನೀರು ಹರಿದು ಕೊಳವೆ ತೊಳೆದುಕೊಳ್ಳಲಿ ಎಂದು. ಇವರು ಎರಡು ಜೊತೆ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ಮೊದಲು ಬೂದನ್ನೇ ಎಳೆದರು. ಕಿಟಕಿಯಿಂದ ನೋಡುತ್ತಿದ್ದ ಅತ್ತೆ, “ಪುಟ್ಟಾ, ಒಳಗೆ ಬರುವ ಮುಂಚೆ ಕಾಲಿಗೂ ನೀರು ಹಾಕಿಕೋ” ಎಂದರು. ಮಡಿಯ ವಿಷಯ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಆ ಮೂರು ಹೆಜ್ಜೆಗಳ ಮಾತೆತ್ತಲಿಲ್ಲ.

ನನಗಿದ್ದ ಒಂದೇ ಹೆದರಿಕೆ ನೀರಿನದು. ನಮ್ಮ ತೊಟ್ಟಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 150 ಲೀಟರ್, ಮೂವರಿಗೆ ಮೂರು ದಿನ. ಬಿಸಿನೀರಿನ ಹಂಡೆ 22 ಲೀಟರಿನದು. ಇವರು ಒಮ್ಮೆ ಷವರ್ ತಿರುಗಿಸಿದರೆ ಅದು ಬರಿದು. ಅತ್ತೆ ಸೂಟ್‌ಕೇಸಿನಿಂದ ಹಿತ್ತಾಳೆಯ ಚೊಂಬು ತೆಗೆದರು. ಅರ್ಧ ಬಕೆಟ್ ಬಿಸಿನೀರು, ಕಾಲು ಬಕೆಟ್ ತಣ್ಣೀರು ಬೆರೆಸಿ ಹದ ಮಾಡಿಕೊಂಡು, ಹನ್ನೆರಡು ಚೊಂಬಿನಲ್ಲಿ ಸ್ನಾನ ಮುಗಿಸಿ ಹೊರಬಂದರು. ಅವರ ಬಕೆಟ್‌ನಲ್ಲಿ ಇನ್ನೂ ನೀರು ಉಳಿದಿತ್ತು. ಆ ಹೊತ್ತಿನಿಂದ ಮೂವರಿಗೂ ಅದೇ ಪದ್ಧತಿ. ಮೂರನೆಯ ದಿನ ತೊಟ್ಟಿಯ ಸೂಚಕ ಮೂರನೆಯ ಒಂದು ಭಾಗ ತೋರಿಸುತ್ತಿತ್ತು.

ಇನ್ನೊಂದು ಪದ್ಧತಿ ಮಾತ್ರ ನಡೆಯಲಿಲ್ಲ. ಅನ್ನ ಸಾರಿನ ಪಾತ್ರೆ ತೊಳೆದು ಹೊರಗಿನ ಮೇಜಿನ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರು. ಸುತ್ತು ಬಂದ ರೇಂಜರ್ ಹುಡುಗಿ ನಯವಾಗಿಯೇ ಹೇಳಿದಳು: ಖಾಲಿ ಪಾತ್ರೆಯೂ ಸೇರಿದಂತೆ ಅಡುಗೆಯ ಯಾವ ಸಾಮಾನೂ ಹೊರಗಿರುವಂತಿಲ್ಲ, ಕರಡಿಗೆ ವಾಸನೆ ಸಾಕು. ಇಂಗಿನ ಒಗ್ಗರಣೆಯ ವಾಸನೆ ಗಾಡಿಯ ಸುತ್ತ ಇನ್ನೂ ಆಡುತ್ತಿತ್ತು. ಅತ್ತೆ ಪಾತ್ರೆಗಳನ್ನು ಒಳಗಿಡುತ್ತಾ, “ನಮ್ಮ ಕಡೆ ಮಂಗಗಳಿಗೆ ಹೆದರುತ್ತಿದ್ದೆವು” ಎಂದರು.

ಬೆಳಗ್ಗೆ ಆರೂಮುಕ್ಕಾಲಿಗೆ ಹೊರಟೆವು. ಫೈರ್‌ಹೋಲ್ ಹೊಳೆಯ ಮೇಲೆ ಹಬೆ, ರಸ್ತೆ ಖಾಲಿ. ಊರಿನಿಂದ ಬಂದಾಗ ನಮ್ಮನ್ನು ಅಟ್ಟಿದ್ದ ಗ್ರ್ಯಾಂಡ್ ಪ್ರಿಸ್ಮಾಟಿಕ್ ಬಳಿ ಬೇಕಾದ ಕಡೆ ಗಾಡಿ ನಿಲ್ಲಿಸಬಹುದಿತ್ತು. ಆದರೆ ತಣ್ಣನೆಯ ಬೆಳಗಿನಲ್ಲಿ ಹಬೆ ಎಷ್ಟು ದಟ್ಟವಾಗಿ ಏಳುತ್ತದೆಂದರೆ, 370 ಅಡಿ ಅಗಲದ ಆ ಬುಗ್ಗೆಯ ಬಣ್ಣಗಳೇ ಕಾಣಲಿಲ್ಲ! ಓಲ್ಡ್ ಫೇತ್‌ಫುಲ್ ಒಂದೂವರೆ ಗಂಟೆಗೊಮ್ಮೆ ಚಿಮ್ಮುವುದನ್ನು ಎರಡು ಸಲ ನೋಡಿ, ಮಧ್ಯಾಹ್ನ ಹಿಂದಿರುಗುವಾಗ ಬಣ್ಣ ನೋಡಿಕೊಂಡು, ಮೂರಕ್ಕೆಲ್ಲ ಬಿಡಾರ ಸೇರಿ ಅತ್ತೆ ಒಂದು ನಿದ್ದೆ ತೆಗೆದರು. ಊರಿನಲ್ಲಿ ಉಳಿದಿದ್ದರೆ ಆ ನಿದ್ದೆ ಸಾಧ್ಯವಿರಲಿಲ್ಲ. ನನ್ನ ವಾದವಿದ್ದದ್ದು ಇಷ್ಟೇ: ನೀರನ್ನು ಮೂರು ದಿನಕ್ಕೆ ತುಂಬಿಕೊಂಡು ಹೋಗಬಹುದು, ದಾರಿಯಲ್ಲಿ ಕಳೆದ ಗಂಟೆಗಳನ್ನು ಎಲ್ಲಿಂದ ತುಂಬುವುದು?

ಸೋತದ್ದೂ ಇದೆ. ಎರಡನೆಯ ರಾತ್ರಿ ಮೂರು ಗಂಟೆಗೆ ಚಳಿ ಎಬ್ಬಿಸಿತು. ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ; ಬ್ಯಾಟರಿ ಸತ್ತಿತ್ತು. ಜನರೇಟರ್‌ಗೆ ಇನ್ನೂ ಐದು ಗಂಟೆ. ಇವರು ಕತ್ತಲಲ್ಲೇ, “ಹುಕಪ್ ಇದ್ದಿದ್ದರೆ...” ಎಂದು ಶುರುಮಾಡಿದರು. ಆಗಲೇ ಹೊರಗೆ ಆ ಕೂಗು. ಸಣ್ಣಗೆ ಎದ್ದು, ಸಿಳ್ಳಿನಷ್ಟು ಮೇಲೇರಿ, ಕೊನೆಗೆ ಗೊರಗೊರ ಎಂದು ಮುಗಿಯಿತು. ಹೊಳೆಯ ಆಚೆಯಿಂದ ಇನ್ನೊಂದು ಉತ್ತರಿಸಿತು. ಸೆಪ್ಟೆಂಬರ್ ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ ಬೆದೆಯ ಕಾಲ. ಗಂಡುಗಳು ರಾತ್ರಿಯೆಲ್ಲ ಹುಲ್ಲುಗಾವಲಿನಲ್ಲಿ ಕೂಗಿ ಕರೆಯುತ್ತವೆ.

“ಯಾರೋ ಕೊಳಲು ಕಲಿಯುತ್ತಿದ್ದಾರೆ” ಎಂದರು ಅತ್ತೆ, ಮೂರು ಕಂಬಳಿಗಳ ಅಡಿಯಿಂದ. “ಶ್ರುತಿ ಇನ್ನೂ ಕೂತಿಲ್ಲ.”

ಕೊನೆಯ ರಾತ್ರಿ ಮತ್ತೆ ಊರಿನ ಪಾರ್ಕ್. ಕಂಬದ ದೀಪ, ಪಕ್ಕದವರ ಟಿವಿ, ಮುಗಿಯದ ಬಿಸಿನೀರು. ಅತ್ತೆ ಬೆಳಗ್ಗೆ ಷವರನ್ನು ಒಮ್ಮೆ ತಿರುಗಿಸಿ ನೋಡಿ, ನಿಲ್ಲಿಸಿ, ಚೊಂಬು ಕೊಡು ಎಂದರು.