ಓಡುವ ಮೊದಲು ನಿಲ್ಲುವ ಪಾಠ
ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ದೈಹಿಕ ತರಬೇತಿ ಕೊಡುವುದು ನನ್ನ ಕೆಲಸ. ಹೊಸದಾಗಿ ಬರುವವರ ಬೇಡಿಕೆ ಬಹುತೇಕ ಒಂದೇ: ‘ವೇಗ ಹೆಚ್ಚಬೇಕು’. ನಾನು ಮೊದಲು ನೋಡುವುದು ಅವರು ಹೇಗೆ ನಿಲ್ಲುತ್ತಾರೆ ಎಂಬುದನ್ನು. ಜೋರಾಗಿ ನಾಲ್ಕು ಹೆಜ್ಜೆ ಓಡಿ, ಸೀಟಿ ಕೇಳಿದೊಡನೆ ನಿಲ್ಲಬೇಕು. ಹಲವರಿಗೆ ಸೊಂಟ ತಗ್ಗುವುದೇ ಇಲ್ಲ. ಮೈ ಮುಂದಕ್ಕೆ ಮುಗ್ಗರಿಸುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. ಹೀಗೆ ವಾಲಿದ ಮಂಡಿಯಲ್ಲೇ ಅಸ್ಥಿರಜ್ಜು, ಅಂದರೆ ಎಲುಬುಗಳನ್ನು ಬಿಗಿದು ಹಿಡಿಯುವ ಪಟ್ಟಿ, ಹರಿಯುವ ಭಯ ಹೆಚ್ಚು. ಯಾರೂ ತಾಗದಿದ್ದರೂ ಹರಿಯಬಹುದು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅದರೊಳಗೆ ಹತ್ತು ಮಂದಿ. ಪೂರ್ಣ ವೇಗ ಮುಟ್ಟುವ ಮೊದಲೇ ತಿರುಗಬೇಕಾಗುತ್ತದೆ. ತಿರುಗಬೇಕಾದರೆ ವೇಗ ತಗ್ಗಿಸಲು ಬರಬೇಕು: ಸೊಂಟ ಕೆಳಗೆ, ಪಾದ ಸೊಂಟದ ನೇರಕ್ಕಿಂತ ಆಚೆ, ಮಂಡಿ ಬೆರಳುಗಳ ದಿಕ್ಕಿಗೆ.

ಚೌಕಗಳೊಳಗೆ ಚಕಚಕನೆ ಹೆಜ್ಜೆ ಇಡಲು ನೆಲದ ಮೇಲೆ ಹಾಸುವ ಏಣಿಯಂಥ ಪಟ್ಟಿ, ಲ್ಯಾಡರ್, ಅದರ ಬಗ್ಗೆ ನನಗೆ ಅಂಥ ಮೋಹವಿಲ್ಲ. ವಿಡಿಯೊದಲ್ಲಿ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಮೈ ಬೆಚ್ಚಗಾಗಲು, ಕೈಕಾಲುಗಳ ಲಯ ಕೂಡಲು ಐದು ನಿಮಿಷ ಸಾಕು. ಅಲ್ಲಿ ಕಣ್ಣು ನೆಲದಲ್ಲಿರುತ್ತದೆ, ಮುಂದಿನ ಹೆಜ್ಜೆ ಎಲ್ಲಿಗೆ ಎಂಬುದು ಮೊದಲೇ ಗೊತ್ತಿರುತ್ತದೆ. ಎದುರಾಳಿ ಹಾಗೆ ಚೌಕ ಎಳೆದು ಕಾಯುವುದಿಲ್ಲ. ಅದಕ್ಕೇ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತೇನೆ. ಒಬ್ಬ ಚೆಂಡು ಪುಟಿಸುತ್ತಾ (ಡ್ರಿಬಲ್) ಎಡಬಲಕ್ಕೆ ಸರಿಯುತ್ತಾನೆ, ಇನ್ನೊಬ್ಬ ಕನ್ನಡಿಯ ಬಿಂಬದಂತೆ ಹಿಂಬಾಲಿಸಬೇಕು. ಚೆಂಡನ್ನು ನೋಡಿದವನು ಮೋಸ ಹೋಗುತ್ತಾನೆ. ಎದುರಾಳಿಯ ಸೊಂಟ ನೋಡಿದವನು ಉಳಿದುಕೊಳ್ಳುತ್ತಾನೆ. ಭುಜ, ತಲೆ, ಕಣ್ಣು ಎಲ್ಲವೂ ಸುಳ್ಳು ಹೇಳಬಲ್ಲವು, ಸೊಂಟಕ್ಕೆ ಅದು ಕಷ್ಟ.

ಸಮತೋಲನಕ್ಕೆ ದುಬಾರಿ ಸಲಕರಣೆ ಬೇಡ. ಒಂಟಿ ಕಾಲಿನಲ್ಲಿ ನಿಂತು ಪಾಸ್ ಹಿಡಿಯುವುದು, ಪಕ್ಕಕ್ಕೆ ಜಿಗಿದು ಒಂದೇ ಕಾಲಿನ ಮೇಲೆ ಇಳಿದು ಅಲುಗದೆ ನಿಲ್ಲುವುದು, ಇಷ್ಟೇ. ಈ ಆಟದಲ್ಲಿ ಅತಿ ಹೆಚ್ಚಾಗಿ ಪೆಟ್ಟಾಗುವುದು ಪಾದದ ಕೀಲಿಗೆ. ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಹಾರಿದವನು ಬೇರೊಬ್ಬನ ಪಾದದ ಮೇಲೆ ಇಳಿದರೆ ಮುಗಿಯಿತು. ಒಮ್ಮೆ ಉಳುಕಿದ ಕೀಲಿಗೆ ತಾನು ಯಾವ ಕೋನದಲ್ಲಿದ್ದೇನೆ ಎಂಬ ಅರಿವು ಕುಂದಿರುತ್ತದೆ. ನೋವು ಹೋದ ಮೇಲೂ ಅಭ್ಯಾಸ ಬಿಡಬಾರದು ಎನ್ನುವುದು ಇದಕ್ಕೇ. ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲಿಸಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ವೇಗದ ಅಭ್ಯಾಸವನ್ನು ದಿನದ ತರಬೇತಿಯ ಆರಂಭದಲ್ಲೇ, ಮೈ ಬೆಚ್ಚಗಾದ ಕೂಡಲೇ ಮಾಡಿಸುತ್ತೇನೆ. ಏಳೆಂಟು ಸೆಕೆಂಡು ದುಡಿಮೆ, ಮುಕ್ಕಾಲು ನಿಮಿಷಕ್ಕೆ ಕಡಿಮೆಯಿಲ್ಲದ ವಿಶ್ರಾಂತಿ. ಹೊರಗೆ ಕುಳಿತು ನೋಡುವ ಪೋಷಕರಿಗೆ ಇದು ಕಾಲಹರಣ ಎನಿಸುತ್ತದೆ. ಬೆವರು ಸುರಿಯಬೇಕೆಂಬುದು ಅವರ ಆಸೆ. ದಣಿದ ಕಾಲುಗಳಿಂದ ಓಡಿಸಿದರೆ ಬೆವರೇನೋ ಸುರಿಯುತ್ತದೆ, ಆದರೆ ಆಟಗಾರ ಅಲ್ಲಿ ಕಲಿಯುವುದು ನಿಧಾನವಾಗಿ, ಕಾಲು ಎಳೆಯುತ್ತಾ ತಿರುಗುವುದನ್ನು.