ಹಾಡುವ ದನಿಯಿಲ್ಲದ ವೇದಿಕೆಯಲ್ಲಿ ಗಿಟಾರ್ ಮತ್ತು ಸಿಂಥಸೈಜರ್

ಹುಬ್ಬಳ್ಳಿ-ಧಾರವಾಡದ ಸಭಾಂಗಣಗಳಲ್ಲಿ ಧ್ವನಿ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಅವರ ಗಾಯನವನ್ನು ಕೇಳಿ ಬೆಳೆದ ಈ ಭಾಗದ ಶ್ರೋತೃಗಳ ಮುಂದೆ ಆ ಕೆಲಸವೆಂದರೆ ಬಹುಮಟ್ಟಿಗೆ ಹಾಡುವ ದನಿಯನ್ನು ಕಾಯುವ ಕೆಲಸವೇ ಆಗಿರುತ್ತದೆ. ಎರಡು ಗಿಟಾರ್, ಒಂದು ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಲಿವಾದ್ಯ) ಮತ್ತು ಡ್ರಮ್ಸ್ ಇಟ್ಟುಕೊಂಡು, ತಾವೇ ಕಟ್ಟಿದ ರಚನೆಗಳನ್ನು ಸಾಹಿತ್ಯವಿಲ್ಲದೆ ನುಡಿಸುವ ಧಾರವಾಡದ ಯುವಕರ ಸ್ವತಂತ್ರ ತಂಡವೊಂದಕ್ಕೆ ಧ್ವನಿ ಜೋಡಿಸತೊಡಗಿದ ಮೇಲೆ, ಕಾಯಬೇಕಾದದ್ದು ಯಾವುದನ್ನು ಎಂಬ ಪ್ರಶ್ನೆಯನ್ನೇ ಮೊದಲಿನಿಂದ ಕೇಳಿಕೊಳ್ಳಬೇಕಾಯಿತು.

ನಮ್ಮ ಕಿವಿಯು ಸುಮಾರು 2,000ದಿಂದ 5,000 ಹರ್ಟ್ಸ್‌ವರೆಗಿನ (ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ) ನಾದಕ್ಕೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಮಾತಿನ ಸ್ಪಷ್ಟತೆಯ ದೊಡ್ಡ ಪಾಲು ಇರುವುದೂ ಈ ವಲಯದಲ್ಲಿಯೇ. ಗಾಯಕರಿದ್ದಾಗ ಈ ಜಾಗವನ್ನು ಅವರಿಗೆ ಬಿಟ್ಟು, ಉಳಿದ ವಾದ್ಯಗಳನ್ನು ಅಲ್ಲಿ ಸ್ವಲ್ಪ ತಗ್ಗಿಸಿದರೆ ಅರ್ಧ ಕೆಲಸ ಮುಗಿದಂತೆ. ಗಾಯಕರಿಲ್ಲದ ತಂಡದಲ್ಲಿ ಆ ಜಾಗಕ್ಕೆ ಒಡೆಯರಿಲ್ಲ. ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಹಾಕಿದ ಗಿಟಾರ್ ಮತ್ತು ಫಿಲ್ಟರ್ (ನಾದದ ಮೇಲಿನ ಕಂಪನಗಳನ್ನು ತಡೆಯುವ ಭಾಗ) ಪೂರ್ತಿ ತೆರೆದ ಸಿಂಥಸೈಜರ್ ಎರಡೂ ಒಮ್ಮೆಗೇ ಅಲ್ಲಿಗೆ ನುಗ್ಗುತ್ತವೆ. ಹತ್ತಿರದ ಕಂಪನಗಳಲ್ಲಿ ಜೋರಾದ ನಾದವು ಮೆಲ್ಲನೆಯದನ್ನು ಮುಚ್ಚಿಬಿಡುವುದರಿಂದ, ಒಂದನ್ನು ಏರಿಸಿದರೆ ಇನ್ನೊಂದನ್ನೂ ಏರಿಸಬೇಕಾಗುತ್ತದೆ. ಹೀಗೆ ಸದ್ದು ಹೆಚ್ಚುತ್ತದೆಯೇ ಹೊರತು ಸ್ವರಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ. ಮಿಕ್ಸರ್ (ಎಲ್ಲ ವಾದ್ಯಗಳ ಸದ್ದನ್ನು ಹದಗೊಳಿಸಿ ಕೂಡಿಸುವ ಯಂತ್ರ) ಮುಂದೆ ಕುಳಿತವನು ಇದನ್ನು ಒಂದು ಮಟ್ಟಿಗೆ ಮಾತ್ರ ಸರಿಪಡಿಸಬಲ್ಲನು. ಉಳಿದದ್ದು ರಚನೆಯಲ್ಲಿಯೇ ತೀರ್ಮಾನವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ತಂಡದ ತಾಲೀಮಿಗೇ ಹೋಗಿ ಕುಳಿತುಕೊಳ್ಳುವುದನ್ನು ನಾನು ರೂಢಿಸಿಕೊಂಡೆ.

ಅಲ್ಲಿ ಮೊದಲು ಮಾತಿಗೆ ಬಂದದ್ದು ಮಂದ್ರದ ವಿಷಯ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತ್ಯಂತ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ತಂಡದಲ್ಲಿ ಬೇಸ್ ಗಿಟಾರ್ ಇಲ್ಲದ ಕಾರಣ ಅದಕ್ಕಿಂತ ಕೆಳಗಿನ ಹೊಣೆ ಸಿಂಥಸೈಜರ್ ನುಡಿಸುವವರ ಎಡಗೈಗೆ ಬಿದ್ದಿತ್ತು. ಅದೇ ಎಡಗೈ ಗಿಟಾರಿನ ಕೆಳತಂತಿಗಳ ಸ್ಥಾಯಿಯಲ್ಲಿಯೂ ತುಂಬು ಕಾರ್ಡುಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಹಿಡಿಯುತ್ತಿದ್ದುದರಿಂದ ಇಡೀ ತಳಭಾಗ ಗದ್ದಲವಾಗುತ್ತಿತ್ತು. ಎಡಗೈ ಒಂದೇ ಸ್ವರವನ್ನು ಹಿಡಿಯಲಿ, ಕಾರ್ಡುಗಳು ಒಂದು ಸಪ್ತಕ ಮೇಲಕ್ಕೆ ಹೋಗಲಿ ಎಂದು ತಂಡದವರೇ ಚರ್ಚಿಸಿ ಒಪ್ಪಿಕೊಂಡ ಮೇಲೆ, ಎರಡನೆಯ ಗಿಟಾರಿನ ಬೆರಳಾಟವು, ಆಯ್ದ ಕಂಪನಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನ ಹಂಗಿಲ್ಲದೆ ಕೇಳಿಸತೊಡಗಿತು.

ಸ್ಥಾಯಿಯಷ್ಟೇ ಮುಖ್ಯವಾದದ್ದು ಕಾಲ. ಮೀಟಿದ ತಂತಿಯ ನಾದವು ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಸಿಂಥಸೈಜರ್‌ನ ಪ್ಯಾಡ್ (ಹಿನ್ನೆಲೆಯಲ್ಲಿ ಹರಡಿಕೊಂಡಿರುವ ನಾದ) ಮಾತ್ರ ಕೀಲಿಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಅದೇ ಬಲದಲ್ಲಿ ನಿಂತಿರಬಲ್ಲದು. ತಂಬೂರಿಯೂ ಎಡೆಬಿಡದೆ ನುಡಿಯುತ್ತದೆ, ಆದರೆ ಅದರ ಒಂದೊಂದು ಮೀಟೂ ಏರಿ ಇಳಿಯುವುದರಿಂದ ಗಾಯಕರ ಸ್ವರಕ್ಕೆ ಉಸಿರಾಡುವ ಜಾಗ ಸಿಗುತ್ತದೆ. ಪ್ಯಾಡಿಗೂ ಅಂಥ ಏರಿಳಿತವನ್ನು ಕೊಡಬಹುದು: ಅಟ್ಯಾಕ್ (ನಾದ ಏಳುವ ವೇಗ) ನಿಧಾನಗೊಳಿಸಿ, ಸಸ್ಟೇನ್ (ಕೀಲಿಯನ್ನು ಹಿಡಿದಿರುವಾಗ ನಾದ ನಿಲ್ಲುವ ಮಟ್ಟ) ತಗ್ಗಿಸಿ, ಗಿಟಾರ್ ಮುಂದಕ್ಕೆ ಬರುವ ಕಡೆ ಫಿಲ್ಟರ್ ಮುಚ್ಚಿದರಾಯಿತು. ಇವೆಲ್ಲವೂ ನುಡಿಸುವವರ ಕೈಯಲ್ಲಿರುವ ಗುಂಡಿಗಳು. ನಾನು ದೂರದಲ್ಲಿ ಕುಳಿತು ಫೇಡರ್ (ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿ) ಎಳೆಯುವುದಕ್ಕಿಂತ ಅವರ ಕೈ ಎಷ್ಟೋ ಪಾಲು ಸೂಕ್ಷ್ಮವಾಗಿ ಇದನ್ನು ಮಾಡುತ್ತದೆ.

ಸಲಕರಣೆಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಸಿಂಥಸೈಜರ್‌ನಿಂದ ಮಿಕ್ಸರ್‌ಗೆ ಉದ್ದನೆಯ ಮಾಮೂಲಿ ಕೇಬಲ್ ಎಳೆಯದೆ, ಹತ್ತಿರದಲ್ಲೇ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ಉದ್ದ ಕೇಬಲ್ಲಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) ಇಡಬೇಕು. ಗೊಂಯ್ ಎನ್ನುವ 50 ಹರ್ಟ್ಸ್ ಹಮ್ ಬಂದರೆ ಆ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿಯನ್ನು (ಸಂಕೇತದ ಕೇಬಲ್ಲಿನ ಗ್ರೌಂಡ್ ಸಂಪರ್ಕವನ್ನಷ್ಟೇ ಬಿಡಿಸುವ ಗುಂಡಿ) ಬಳಸಬೇಕು. ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತುಹಾಕುವುದು ಜೀವಕ್ಕೇ ಅಪಾಯ, ಅದನ್ನು ಯಾರೂ ಮಾಡಬಾರದು. ಅಗಲವಾದ ಸಭಾಂಗಣದಲ್ಲಿ ಸಿಂಥಸೈಜರ್‌ನ ಮುಖ್ಯ ಭಾಗಗಳನ್ನು ಎಡ-ಬಲಕ್ಕೆ ಹಂಚದೆ ಎರಡೂ ಸ್ಪೀಕರ್‌ಗಳಿಗೆ ಸಮನಾಗಿ ಕಳುಹಿಸುತ್ತೇನೆ, ಏಕೆಂದರೆ ಗೋಡೆಯ ಬದಿಗೆ ಕುಳಿತವರಿಗೂ ಪೂರ್ತಿ ಸಂಗೀತ ತಲುಪಬೇಕು.

ಸೌಂಡ್ ಚೆಕ್ ಮಾಡುವ ಕ್ರಮವೂ ಈಗ ಬದಲಾಗಿದೆ. ವಾದ್ಯಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಕೇಬಲ್‌ಗಳನ್ನು ಖಚಿತಪಡಿಸಿಕೊಳ್ಳುವಷ್ಟಕ್ಕೆ ಮಾತ್ರ. ಆಮೇಲೆ ಪ್ರತಿ ರಚನೆಯ ಅತ್ಯಂತ ದಟ್ಟವಾದ ಭಾಗವನ್ನು ಎಲ್ಲರೂ ಕೂಡಿ ನುಡಿಸುತ್ತಾರೆ. ಯಾವ ಭಾಗದಲ್ಲಿ ಮುಖ್ಯ ಧಾಟಿ ಯಾರದು ಎಂದು ತಂಡದವರು ಬರೆದುಕೊಟ್ಟ ಹಾಳೆ ಮಿಕ್ಸರ್ ಮೇಲಿರುತ್ತದೆ, ಫೇಡರ್‌ಗಳನ್ನು ನಾನು ಅದರಂತೆಯೇ ನಡೆಸುತ್ತೇನೆ.