ಶಾಂಪೂ ಇಳಿಯಿತು, ಕೊಬ್ಬರಿ ಎಣ್ಣೆ ಇಳಿಯಲಿಲ್ಲ

2025ರ ದೀಪಾವಳಿಗೆ ಮುಂಚಿನ ಭಾನುವಾರ, ಚಿತ್ರದುರ್ಗದ ಸಂತೇಪೇಟೆಯಲ್ಲಿ ಹಬ್ಬದ ಸಾಮಾನು ಕಟ್ಟಿಸುತ್ತಿದ್ದ ಹೆಂಗಸರ ಬಾಯಲ್ಲೆಲ್ಲ ಒಂದೇ ಮಾತು. “ಶಾಂಪೂ ಇಳೀತು, ಹೇರ್ ಆಯಿಲ್ ಇಳೀತು, ಕೊಬ್ರಿ ಎಣ್ಣೆ ಮಾತ್ರ ಯಾಕಣ್ಣ ಇಳಿದಿಲ್ಲ?” ಅಂಗಡಿಯವರ ಹತ್ತಿರ ಉತ್ತರವಿರಲಿಲ್ಲ. ನರಕ ಚತುರ್ದಶಿಯ ಎಣ್ಣೆ ಸ್ನಾನ ಹತ್ತಿರ ಬಂದಿತ್ತು. ಲೀಟರ್ ಬಾಟಲಿ ಒಯ್ಯುತ್ತಿದ್ದವರು ಅರ್ಧ ಲೀಟರಿಗೆ, ಅರ್ಧ ಲೀಟರಿನವರು ಕಾಲು ಲೀಟರಿಗೆ ಇಳಿದಿದ್ದರು.

ಉತ್ತರ ತೆರಿಗೆಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮತ್ತು ಹೇರ್ ಆಯಿಲ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. 118 ರೂಪಾಯಿಗೆ ಸಿಗುತ್ತಿದ್ದದ್ದು 105ಕ್ಕೆ ಬರಬೇಕು ಎಂಬುದು ಲೆಕ್ಕ. ಆದರೆ ಶುದ್ಧ ಕೊಬ್ಬರಿ ಎಣ್ಣೆ ಖಾದ್ಯ ತೈಲವೆಂದು ಮೊದಲಿನಿಂದಲೂ ಶೇ 5ರಲ್ಲೇ ಇತ್ತು. ಸಣ್ಣ ಬಾಟಲಿಯಲ್ಲಿ ಬರುವುದು ತಲೆಗೆ ಹಚ್ಚುವ ಎಣ್ಣೆಯೇ ಅಲ್ಲವೇ ಎಂದು ತೆರಿಗೆ ಇಲಾಖೆ ತೆಗೆದ ತಕರಾರು ವರ್ಷಗಟ್ಟಲೆ ನಡೆಯಿತು. ಹೇರ್ ಆಯಿಲ್ ಎಂದು ಮಾರದ ಹೊರತು ಅದು ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಳಿಯಲು ಅಲ್ಲಿ ಹೆಚ್ಚಿನ ತೆರಿಗೆಯೇ ಇರಲಿಲ್ಲ. ಏರಿದ್ದು ಕೊಬ್ಬರಿ.

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ 25 ಸಾವಿರವನ್ನೂ ದಾಟಿತು. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಆ ಬರದ ಪೆಟ್ಟು ಕಾಯಿಯಲ್ಲಿ ಕಂಡದ್ದು ಆಮೇಲಿನ ವರ್ಷಗಳಲ್ಲಿ. ಜೊತೆಗೆ ಬಿಳಿನೊಣ, ಕಪ್ಪುತಲೆ ಹುಳು. ಎಳನೀರಿಗೆ ಒಳ್ಳೆಯ ಬೆಲೆ ಬಂದು ಕಾಯಿ ಆಗುವ ಮೊದಲೇ ಕೊಯ್ದದ್ದೂ ಉಂಟು. ಹೊಸದುರ್ಗ, ಹಿರಿಯೂರು ಕಡೆಯ ತೋಟದವರಿಗೆ ಬಹಳ ಕಾಲದ ಮೇಲೆ ಸಿಕ್ಕ ಬೆಲೆ ಇದು. ಅದರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಬಳಸುವವರು ಲೆಕ್ಕ ತಿಳಿದುಕೊಂಡರೆ ಸಾಕು.

ಲೆಕ್ಕ ಹೀಗೆ. 10 ಕೆ.ಜಿ. ಒಣಗಿದ ಕೊಬ್ಬರಿಗೆ ಗಾಣದಲ್ಲಿ ಸುಮಾರು 6 ಕೆ.ಜಿ. ಎಣ್ಣೆ ಬರುತ್ತದೆ. ಕೊಬ್ಬರಿ ಎಣ್ಣೆ ನೀರಿಗಿಂತ ಹಗುರ. ಹಾಗಾಗಿ 6 ಕೆ.ಜಿ. ಅಂದರೆ ಆರೂವರೆ ಲೀಟರ್. ಒಂದು ಲೀಟರಿಗೆ ಒಂದೂವರೆ ಕೆ.ಜಿ.ಗಿಂತ ತುಸು ಹೆಚ್ಚು ಕೊಬ್ಬರಿ ಬೇಕು. ಕೊಬ್ಬರಿ ಕೆ.ಜಿ.ಗೆ 120 ಇದ್ದಾಗ ಲೀಟರಿನೊಳಗಿನ ಕೊಬ್ಬರಿಯ ಬೆಲೆಯೇ 185, ಕೆ.ಜಿ.ಗೆ 250 ಆದಾಗ 385. ಇದರ ಮೇಲೆ ಬಾಟಲಿ, ಸಾಗಣೆ, ಕಂಪನಿಯ ಲಾಭ, ಅಂಗಡಿಯ ಲಾಭ. ಇಷ್ಟು ಗೊತ್ತಿದ್ದರೆ, ಕೊಬ್ಬರಿ ದುಬಾರಿಯಾಗಿರುವ ದಿನಗಳಲ್ಲಿ ಲೀಟರಿನೊಳಗಿನ ಕೊಬ್ಬರಿಯ ಅರ್ಧ ಬೆಲೆಗೆ “ಶುದ್ಧ ಕೊಬ್ಬರಿ ಎಣ್ಣೆ” ಕೊಡುತ್ತೇವೆ ಎನ್ನುವವರನ್ನು ನಂಬಬೇಕಾಗಿಲ್ಲ.

ಆ ಭಾನುವಾರ ನಮ್ಮ ಓಣಿಯ ನಾಲ್ಕು ಮನೆಯವರು ಬಾಟಲಿ ಬಿಟ್ಟು ಕೊಬ್ಬರಿಯನ್ನೇ ಕೊಂಡು ಗಾಣಕ್ಕೆ ಹಾಕಿಸಿದೆವು. ಎಣ್ಣೆಗೆ ಉಂಡೆ ಕೊಬ್ಬರಿ ಬೇಡ. ಅದು ತಿನ್ನುವುದಕ್ಕೆ, ಹಬ್ಬಕ್ಕೆ. ಬೆಲೆಯೂ ಹೆಚ್ಚು. ಬಟ್ಟಲು ಕೊಬ್ಬರಿ ಅಥವಾ ಒಡೆದು ಹೋಳಾದದ್ದು ಸಾಕು. ಕೈಯಲ್ಲಿ ಮುರಿದು ನೋಡಬೇಕು: ಟಕ್ಕನೆ ಮುರಿದರೆ ಒಣಗಿದೆ, ಬಾಗಿದರೆ ಹಸಿ ಇದೆ. ಹಸಿ ಕೊಬ್ಬರಿಯಲ್ಲಿ ನೀರಿಗೂ ದುಡ್ಡು ಕೊಟ್ಟಂತೆ. ಮೇಲಿಂದ ಎಣ್ಣೆ ಬೇಗ ಕಮಟಾಗುತ್ತದೆ. ಒಳಮೈಯಲ್ಲಿ ಕಪ್ಪು, ಹಸಿರು ಬೂಸ್ಟು ಕಂಡರೆ ಆ ಹೋಳನ್ನು ತೆಗೆದು ಬಿಸಾಡಬೇಕು. ಕೆರೆದು ಹಾಕಿದರೂ ವಾಸನೆ ಎಣ್ಣೆಗೆ ಇಳಿಯುತ್ತದೆ. ಆರಿಸಿದ ಮೇಲೆ ಬೆರಳಗಲ ಚೂರು ಮಾಡಿ ಒಂದು ದಿನ ಬಿಸಿಲಿಗೆ ಹರವಿದರೆ ಗಾಣದಲ್ಲಿ ಚೆನ್ನಾಗಿ ಬಿಡುತ್ತದೆ.

ಗಾಣದಲ್ಲಿ ಕೇಳಲೇಬೇಕಾದ ಮಾತೊಂದಿದೆ: “ಇದಕ್ಕೆ ಮುಂಚೆ ಏನು ಆಡಿಸಿದ್ರಿ?” ನಮ್ಮ ಜಿಲ್ಲೆ ಶೇಂಗಾದ ಸೀಮೆ. ಚಳ್ಳಕೆರೆಗೆ ಎಣ್ಣೆ ನಗರಿ ಎಂದೇ ಹೆಸರು. ಶೇಂಗಾ ಆಡಿಸಿದ ಗಾಣಕ್ಕೆ ತಕ್ಷಣ ಕೊಬ್ಬರಿ ಹಾಕಿದರೆ ಮೊದಲ ಅರ್ಧ ಲೀಟರಿನಲ್ಲಿ ಶೇಂಗಾ ವಾಸನೆ ಇದ್ದೇ ಇರುತ್ತದೆ. ಇನ್ನೊಬ್ಬರ ಕೊಬ್ಬರಿಯ ಹಿಂದೆಯೇ ಸರದಿ ಹಿಡಿಯುವುದು ಲೇಸು. ಆಗದಿದ್ದರೆ ಮೊದಲು ಬಂದ ಎಣ್ಣೆಯನ್ನು ಬೇರೆ ಹಿಡಿದು ಅಡುಗೆಗೆ ಬಳಸಬಹುದು. ಹಿಂಡಿ ಗಟ್ಟಿಯಾಗಿ ಕೂರಲೆಂದು ಕೆಲವರು ನೀರು ಚಿಮುಕಿಸುತ್ತಾರೆ. ಹಾಗೆ ಮಾಡಿದ್ದರೆ ಮನೆಗೆ ತಂದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೂರು ದಿನ ಬಿಸಿಲಿಗಿಡಬೇಕು. ಮಡ್ಡಿ ತಳಕ್ಕೆ ಕೂತ ಮೇಲೆ ಅಲುಗಾಡಿಸದೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಮನೆಯ ಎಣ್ಣೆ ಕೆಡುವುದು ಹೆಚ್ಚಾಗಿ ಈ ಮಡ್ಡಿ ಮತ್ತು ನೀರು ಒಳಗೆ ಉಳಿಯುವುದರಿಂದ. ಹಿಂಡಿಯನ್ನು ಹಸು ಕಟ್ಟಿದವರಿಗೆ ಕೊಟ್ಟರೆ ಗಾಣದ ಕೂಲಿಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ.

ಅಂಗಡಿಯ ಗಿಡಮೂಲಿಕೆ ಎಣ್ಣೆಗೆ ಸುರಿಯುವ ದುಡ್ಡಿನ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ: ಕೊಳ್ಳುವ ಮೊದಲು ಬಾಟಲಿಯ ಹಿಂಭಾಗ ಓದಿ. ಸಾಮಾನ್ಯವಾಗಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಭೃಂಗರಾಜ (ಗರಗದ ಸೊಪ್ಪು), ನೆಲ್ಲಿ ಎಂಬವು ಹೆಚ್ಚಾಗಿ ಕೊನೆಯ ಸಾಲಿನಲ್ಲಿ ಇರುತ್ತವೆ. ಅದರಿಂದ ಅಪಾಯವೇನಿಲ್ಲ, ಕೂದಲು ಮಿಂಚುತ್ತದೆ ಕೂಡ. ಆದರೆ ಅದು ಕೂದಲ ಮೇಲ್ಮೈಯಲ್ಲೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆ. ತುಂಡಾಗುವುದು ಕಡಿಮೆಯಾಗುವುದು ಇದರಿಂದ. ಹೊಸ ಕೂದಲು ಹುಟ್ಟಿಸುವ ಶಕ್ತಿ ಯಾವ ಎಣ್ಣೆಗೂ ಇಲ್ಲ. ಹಾಗೆ ಹೇಳಿ ಮಾರುವವರ ಕೈಗೆ ದುಡ್ಡು ಕೊಡಬೇಡಿ.

ಸೊಪ್ಪು ಹಾಕಿದ ಎಣ್ಣೆಯೇ ಇಷ್ಟವೆನ್ನುವವರು ಮನೆಯಲ್ಲೇ ಕಾಯಿಸಿಕೊಳ್ಳಬಹುದು. ಒಂದು ಲೀಟರ್ ಎಣ್ಣೆಗೆ ಎರಡು ಹಿಡಿ ಕರಿಬೇವು, 100 ಗ್ರಾಂ ಗರಗದ ಸೊಪ್ಪು, ಹತ್ತು ಹದಿನೈದು ಕೆಂಪು ದಾಸವಾಳದ ಹೂವು, ಎರಡು ಚಮಚ ಮೆಂತ್ಯ, 25 ಗ್ರಾಂ ಒಣ ನೆಲ್ಲಿ. ಸೊಪ್ಪನ್ನು ಹಿಂದಿನ ದಿನವೇ ತೊಳೆದು ನೆರಳಲ್ಲಿ ಬಟ್ಟೆಯ ಮೇಲೆ ಹರವಿರಬೇಕು. ಎಲೆಯ ಮೇಲೆ ಹನಿ ನೀರಿದ್ದರೂ ಎಣ್ಣೆ ಸಿಡಿಯುತ್ತದೆ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಎಣ್ಣೆ ಬೆಚ್ಚಗಾದಾಗಲೇ ಎಲ್ಲವನ್ನೂ ಹಾಕಬೇಕು. ಮೊದಲು ಗುಳ್ಳೆಗಳು ಜೋರಾಗಿ ಏಳುತ್ತವೆ, ಅದು ಸೊಪ್ಪಿನ ನೀರು. ಗುಳ್ಳೆ ಸಣ್ಣದಾಗಿ, ಸದ್ದು ಅಡಗಿ, ಕರಿಬೇವಿನ ಎಲೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದರೆ ಹದ ಬಂದಂತೆ. ಅನುಮಾನವಿದ್ದರೆ ಹತ್ತಿಯ ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚಿ ನೋಡಿ. ಚಟಚಟ ಎಂದರೆ ಇನ್ನೂ ನೀರಿದೆ. ಸುಮ್ಮನೆ ಉರಿದರೆ ಇಳಿಸಬಹುದು. ಎಲೆ ಕಪ್ಪಾಗಿ ಹೊಗೆ ಎದ್ದರೆ ಹದ ಮೀರಿತು. ಆ ಸುಟ್ಟ ವಾಸನೆ ಮತ್ತೆ ಹೋಗುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಸೋಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಬೇಕು. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದಡಿ ಬೆವರಿ ನೀರು ಒಳಗಿಳಿಯುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ದುರ್ಗದ ಡಿಸೆಂಬರ್ ಬೆಳಗಿನಲ್ಲೂ ಬಾಟಲಿಯೊಳಗೆ ನೀರಿನಂತೆಯೇ ಉಳಿದ ಎಣ್ಣೆಯಲ್ಲಿ ಬೇರೇನೋ ಬೆರೆತಿದೆಯೇ ಎಂದು ಅನುಮಾನಿಸಬಹುದು.

ಇನ್ನು ಬಳಕೆ. ಖರ್ಚು ಮೊದಲು ಕಡಿಮೆಯಾಗಬೇಕಾದದ್ದು ಇಲ್ಲೇ. ಸೊಂಟದುದ್ದದ ಕೂದಲಿಗೂ ಎರಡು ಮೂರು ಟೀ ಚಮಚ ಸಾಕು. ಅಂಗೈಗೆ ಹಾಕಿಕೊಂಡು ತಿಕ್ಕಿ, ಕೂದಲ ನಡುವಿನಿಂದ ತುದಿಯವರೆಗೆ ಮೊದಲು, ಬುಡಕ್ಕೆ ಆಮೇಲೆ. ತಲೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿದರೂ ಕೆಲಸ ಮಾಡುತ್ತದೆ. ಅದಕ್ಕಿಂತ ಹೆಚ್ಚು ಸುರಿದುಕೊಂಡ ಎಣ್ಣೆ ಕೂದಲೊಳಗೆ ಹೋಗುವುದಿಲ್ಲ. ಅದನ್ನು ತೆಗೆಯಲು ಎರಡು ಸಲ ಶಾಂಪೂ ಹಾಕಬೇಕಾಗುತ್ತದೆ, ಅದರಿಂದ ಒಣಗಿದ ಕೂದಲಿಗೆ ಕಂಡಿಷನರ್ ಬೇಕಾಗುತ್ತದೆ. ಎಣ್ಣೆಯೊಂದನ್ನು ಅರ್ಧ ಮಾಡಿದರೆ ಮೂರೂ ಬಾಟಲಿಗಳ ಖರ್ಚು ಇಳಿಯುವುದು ಹೀಗೆ.

ಶಾಂಪೂ ಕೊಳ್ಳುವಾಗ ಎಂಆರ್‌ಪಿಗಿಂತ ಮಿ.ಲೀ. ಲೆಕ್ಕದ ಬೆಲೆ ನೋಡಿ. ಒಂದು, ಎರಡು, ಹತ್ತು ರೂಪಾಯಿಯ ಪ್ಯಾಕುಗಳಲ್ಲಿ ಬೆಲೆ ಹಾಗೇ ಇದ್ದು ಒಳಗಿನ ಮಿ.ಲೀ. ಕಡಿಮೆಯಾಗಿದ್ದರೆ ಗೊತ್ತಾಗುವುದು ಅಲ್ಲೇ. ಎಷ್ಟೋ ಕಂಪನಿಗಳಲ್ಲಿ ದೊಡ್ಡ ಬಾಟಲಿಗಿಂತ ಸ್ಯಾಶೆಯೇ ಅಗ್ಗವೆಂಬುದೂ ತಿಳಿಯುತ್ತದೆ. ಶಾಂಪೂವನ್ನು ನೇರವಾಗಿ ತಲೆಗೆ ಸುರಿಯದೆ ಅರ್ಧ ಚೊಂಬು ನೀರಲ್ಲಿ ಕಲಕಿ ಹಾಕಿದರೆ ಬುಡದವರೆಗೆ ಹರಡುತ್ತದೆ, ಅರ್ಧದಷ್ಟು ಸಾಕಾಗುತ್ತದೆ. ಹಾಗೆ ಕಲಕಿದ್ದನ್ನು ಉಳಿಸಿ ನಾಳೆಗೆ ಇಡಬಾರದು, ನೀರು ಬೆರೆತ ಶಾಂಪೂ ಕೆಡುತ್ತದೆ.

ನಮ್ಮಲ್ಲಿ ನೀರಿನದೂ ಒಂದು ತೊಂದರೆ. ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ ಬರುವ ನಲ್ಲಿ ನೀರಿಗೂ ಬೋರ್‌ವೆಲ್ ನೀರಿಗೂ ಬಹಳ ವ್ಯತ್ಯಾಸ. ಗಡಸು ನೀರಿನ ಸುಣ್ಣ ಕೂದಲ ಮೇಲೆ ಕೂತು ಒರಟಾಗಿಸುತ್ತದೆ. ಜನ ಅದನ್ನು ಶಾಂಪೂವಿನ ತಪ್ಪೆಂದುಕೊಂಡು ಇನ್ನೂ ದುಬಾರಿಯದಕ್ಕೆ ಹೋಗುತ್ತಾರೆ. ತಲೆಯನ್ನು ಬೋರ್ ನೀರಲ್ಲೇ ತೊಳೆದರೂ ಕೊನೆಯ ಎರಡು ಚೊಂಬು ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿಕೊಳ್ಳಿ. ಅದೂ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆರಸ. ಸೀಗೆಪುಡಿಯ ನೊರೆ ಗಡಸು ನೀರಲ್ಲಿ ಸಾಬೂನಿನ ಹಾಗೆ ಒಡೆಯುವುದಿಲ್ಲ. ಆದರೆ ಪುಡಿ ನುಣ್ಣಗಿರಬೇಕು, ಇಲ್ಲದಿದ್ದರೆ ಬುಡದಲ್ಲಿ ಉಳಿದು ನವೆಯಾಗುತ್ತದೆ. ಬೀಜ ತೆಗೆದು, ಕಾಯಿ ಗರಿಗರಿಯಾಗಿ ಒಣಗಿದ ಮೇಲೆಯೇ ಬೀಸಲು ಕೊಡಿ. ಹಿಟ್ಟಿನ ಗಿರಣಿಯವರು ಅದರ ಘಾಟಿಗೆ ಒಪ್ಪುವುದಿಲ್ಲ, ಖಾರದ ಪುಡಿ ಬೀಸುವಲ್ಲಿಗೆ ಒಯ್ಯಬೇಕು.

ಒಂದು ಕಡೆ ಮಾತ್ರ ಉಳಿತಾಯ ಮಾಡಬಾರದು. ತಲೆಯಲ್ಲಿ ಹೊಟ್ಟು ಜಿಡ್ಡುಜಿಡ್ಡಾಗಿ, ನವೆಯೊಂದಿಗೆ ಬರುತ್ತಿದ್ದರೆ ಬುಡಕ್ಕೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದು ಆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಊಟ ಹಾಕಿದಂತೆ. ಔಷಧಿ ಅಂಗಡಿಯ ಶೇ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಾಕಿದ ತಕ್ಷಣ ತೊಳೆದರೆ ಔಷಧಿ ಚರಂಡಿಗೆ ಹೋಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮರೋಗ ವೈದ್ಯರಿಗೆ ತೋರಿಸಿ.